ಗ್ಲಾಸ್ ತಿರುಗಿಸುವ ವಾರ

ಡಿಸೆಂಬರ್ ಬಂತೆಂದರೆ ಕೊಡಗಿನಲ್ಲಿ ಎರಡು ಬಗೆಯ ಜನ ಕಾಣಸಿಗುತ್ತಾರೆ. ಕಾಫಿ ಕುಯ್ಯಲು ಆಳು ಸಿಗದೆ ತಲೆ ಮೇಲೆ ಕೈ ಹೊತ್ತು ಕೂತವರು ಒಂದು ಬಗೆ. ದುಡ್ಡು ಕೊಟ್ಟು ದ್ರಾಕ್ಷಿ ತುಳಿಯಲು ಬೆಂಗಳೂರಿನಿಂದ ಬಂದವರು ಇನ್ನೊಂದು ಬಗೆ. ಮೊದಲನೆಯವರು ಬೇಲಿಯ ಈಚೆ ನಿಂತು ಎರಡನೆಯವರನ್ನು ನೋಡುತ್ತಾರೆ. 'ಇಷ್ಟು ಆಳು ಸುಮ್ನೆ ದಂಡ ಆಗ್ತಿದೆಯಲ್ಲ' ಅಂತ ಹೊಟ್ಟೆ ಉರಿದುಕೊಳ್ಳುತ್ತಾರೆ.

ನಮ್ಮ ಕಡೆಯ ರೆಸಾರ್ಟ್ ಒಂದರಲ್ಲಿ ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಇದೇ ಸಂಭ್ರಮ. ಒಂದು ದಿನ ವೈನ್ ರುಚಿ ನೋಡುವುದು, ಒಂದು ದಿನ ದ್ರಾಕ್ಷಿ ತುಳಿಯುವುದು, ಒಂದು ದಿನ 'ಕೊಡಗಿನ ಅಡುಗೆ ಅನುಭವ'. ವಾರಪೂರ್ತಿ ಪ್ಯಾಕೇಜ್ ತಗೊಂಡರೆ ರಿಯಾಯಿತಿ, ಜಿಎಸ್‌ಟಿ ಮಾತ್ರ ಬೇರೆ. ಹಾಳೆಯ ಮೇಲೆ ದೊಡ್ಡದಾಗಿ 'ಸ್ಥಳೀಯ ಸೊಗಡು' ಅಂತ ಬರೆದಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಯಲ್ಲಿ ಯಾವ ದ್ರಾಕ್ಷಿ ಬಳ್ಳಿ ಬದುಕೀತು? ವೈನ್ ದ್ರಾಕ್ಷಿ ಬೆಳೆಯುವುದು ವಿಜಯಪುರ, ಬಾಗಲಕೋಟೆ, ನಂದಿ ಬೆಟ್ಟದ ಸುತ್ತಮುತ್ತ, ಇಲ್ಲವೇ ನಾಸಿಕ್‌ನಲ್ಲಿ. ಅಲ್ಲಿಂದ ಲಾರಿ ಹತ್ತಿ ಜಿಲ್ಲೆಯ ಗಡಿಯ ಕುಶಾಲನಗರ ದಾಟಿದ ಕೂಡಲೇ ಬಾಟಲಿ ಕೊಡಗಿನದ್ದಾಗಿಬಿಡುತ್ತದೆ. ಊರವರಿಗೇ ಇಷ್ಟು ಬೇಗ ರೇಷನ್ ಕಾರ್ಡ್ ಸಿಕ್ಕಿದ್ದಿಲ್ಲ.

ನಿಜವಾಗಿ ಇಲ್ಲಿನ ವೈನ್ ಅಂತ ಒಂದಿದೆ. ಮಡಿಕೇರಿ ಪೇಟೆಯ ಮಸಾಲೆ ಅಂಗಡಿಗಳಲ್ಲಿ ಜೇನು, ಏಲಕ್ಕಿ, ಚಾಕಲೇಟಿನ ಪಕ್ಕದಲ್ಲೇ 'ಹೋಂ ಮೇಡ್' ಅಂತ ಚೀಟಿ ಅಂಟಿಸಿಕೊಂಡು ಸಾಲಾಗಿ ನಿಂತಿರುತ್ತದೆ. ಶುಂಠಿಯದ್ದು, ನೆಲ್ಲಿಕಾಯಿಯದ್ದು, ವೀಳ್ಯದೆಲೆಯದ್ದು, ಗಾಂಧಾರಿ ಮೆಣಸಿನದ್ದೂ ಇದೆ. ಭರಣಿಯಲ್ಲಿ ಹಣ್ಣು, ಸಕ್ಕರೆ, ಯೀಸ್ಟ್ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದಿನಾ ಮರದ ಸೌಟಿನಲ್ಲಿ ತಿರುವಿ ಮಾಡುವ ಅತ್ತೆಯಂದಿರು ಇನ್ನೂ ಇದ್ದಾರೆ. ಸಪ್ತಾಹದ ಪಟ್ಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಗಾಂಧಾರಿ ಮೆಣಸಿಗೆ ಫ್ರೆಂಚ್ ಹೆಸರು ಹುಡುಕಲು ಆಗಲಿಲ್ಲವೇನೋ.

ನಮ್ಮ ಸುಬೇದಾರ್ ಮಾವನ ತೋಟ ರೆಸಾರ್ಟಿನ ಬೇಲಿಗೆ ತಾಗಿಕೊಂಡಿದೆ. ಹಾಗಾಗಿ ಅವರಿಗೊಂದು ಪುಕ್ಕಟೆ ಪಾಸ್, ಬಾಲವಾಗಿ ನನಗೂ ಒಂದು. ಮಿಲಿಟರಿ ಕ್ಯಾಂಟೀನ್ ಕೋಟಾದ ರಮ್ಮಿನಲ್ಲಿ ಒಂದು ಹನಿಯನ್ನೂ ನೆಲಕ್ಕೆ ಬೀಳಿಸದೆ ಬದುಕಿದ ಮನುಷ್ಯ ಅವರು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತರು. ವೈನ್ ಪಂಡಿತ ಅಂತ ಬಂದವನು ಮೀಸೆ ಚಿಗುರುತ್ತಿದ್ದ ಹುಡುಗ. ಗ್ಲಾಸಿನ ಕಾಲನ್ನೇ ಹಿಡಿಯಬೇಕು ಅಂದ. ತಿರುಗಿಸಬೇಕು ಅಂದ. ಆಮೇಲೆ ಮೂಗನ್ನು ಒಳಗೆ ಇಳಿಸಬೇಕು ಅಂದ. ಮಾವ ಎಲ್ಲವನ್ನೂ ಪೆರೇಡಿನ ಶಿಸ್ತಿನಲ್ಲಿ ಮಾಡಿದರು.

'ಏನು ವಾಸನೆ ಬರ್ತಿದೆ ಸಾರ್?'

'ದ್ರಾಕ್ಷಿದು.'

'ಇನ್ನೂ ಒಳಗೆ ಹೋಗಿ ಸಾರ್. ಕರಿಮೆಣಸು ಇದೆ, ಹಸಿ ಮಣ್ಣಿದೆ, ಸ್ವಲ್ಪ ಕಾಫಿ, ಕೊನೆಗೆ ಹಳೇ ಚರ್ಮ.'

ಮಾವ ಗ್ಲಾಸ್ ಕೆಳಗಿಟ್ಟರು. 'ಮಗಾ, ಮೆಣಸು, ಮಣ್ಣು, ಕಾಫಿ ಮೂರೂ ನನ್ನ ತೋಟದಲ್ಲಿದೆ. ಹಳೇ ಚರ್ಮ ನಂದೇ ಉಂಟು. ಇದಕ್ಕೆ ಇವರೆಲ್ಲ ದುಡ್ಡು ಕೊಟ್ಟಿದ್ದಾರಾ?'

ಹಿಂದಿನ ಸಾಲಿನವರು ನಕ್ಕರು. ಆದರೆ ಪಾಪ, ಕೊಟ್ಟದ್ದು ಹೌದು.

ಅಸಲಿ ಗಂಡಾಂತರ ಆಮೇಲೆ ಬಂತು. ಬಾಯಲ್ಲಿ ಎರಡು ಚಮಚದಷ್ಟು ವೈನ್ ಆಡಿಸಿ, ಪಕ್ಕದ ಬಕೆಟ್ಟಿಗೆ ಉಗುಳಬೇಕಂತೆ. ಕಾಫಿ ಪರೀಕ್ಷಿಸುವವರೂ ಹೀಗೇ ಸೊರ್ ಅಂತ ಹೀರಿ ಉಗುಳುತ್ತಾರೆ, ನಮಗೇನು ಹೊಸದಲ್ಲ. ಆದರೆ ಅವರು ಉಗುಳುವುದು ಸಂಬಳಕ್ಕೆ. ಇಲ್ಲಿ ಜನ ಕೈಯಿಂದ ದುಡ್ಡು ಹಾಕಿ ಉಗುಳುತ್ತಿದ್ದರು, ಅದರ ಫೋಟೋ ಬೇರೆ ತೆಗೆಸಿಕೊಳ್ಳುತ್ತಿದ್ದರು. ಕೊಡವ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಮೀದಿ, ಅಂದರೆ ಎಡೆ, ಇಡುವಾಗಲೂ ಊಟದ ಜೊತೆ ಮದ್ಯ ಇಡುತ್ತಾರೆ. ಸತ್ತವರೇ ಉಗುಳದ ಊರಿನಲ್ಲಿ ಬದುಕಿದ್ದವರ ಕೈಗೆ ಬಕೆಟ್ ಕೊಟ್ಟರೆ ಹೇಗೆ? ಮಾವ ನುಂಗಿದರು. ನನ್ನದನ್ನೂ ನುಂಗಿದರು.

ಇನ್ನೊಂದು ತಮಾಷೆ. ಕೆಂಪು ವೈನನ್ನು 16ರಿಂದ 18 ಡಿಗ್ರಿಯಲ್ಲಿ ಕುಡಿಯಬೇಕಂತೆ. ಮಡಿಕೇರಿಯ ಡಿಸೆಂಬರ್ ಸಂಜೆಯಲ್ಲಿ ಬಾಟಲಿಯನ್ನು ಸುಮ್ನೆ ಮೇಜಿನ ಮೇಲಿಟ್ಟರೂ ಅದು ತಣ್ಣಗೆ ಕೊರೆಯುತ್ತದೆ. ಆದರೂ ನಿಯಮ ಅಂತ ಐಸ್ ತುಂಬಿದ ಪಾತ್ರೆಯಲ್ಲಿ ಮುಳುಗಿಸಿ ತಂದರು. ಹಲ್ಲು ಕಟಕಟ ಅನ್ನುತ್ತಿದ್ದ ಅತಿಥಿಗಳು 'ಎಂಥ ಪರಿಮಳ' ಅಂದರು.

ಅಡುಗೆ ಅನುಭವದ ದಿನ ಕಪ್ಪು ಕಲ್ಲಿನ ಹಲಗೆ ಮೇಲೆ ಪಂದಿಕರಿಯ, ಅಂದರೆ ನಮ್ಮ ಹಂದಿ ಮಾಂಸದ ಅಡುಗೆಯ, ಮೂರು ತುಂಡು ಬಂತು. ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಅದನ್ನೂ ಒಂದನ್ನೇ ನಾಲ್ಕು ಹೋಳು ಮಾಡಿ ಇಕ್ಕಳದಲ್ಲಿ ಇಟ್ಟರು. ನಮ್ಮ ಮದುವೆ ಮನೆಯಲ್ಲಿ ಹೀಗೆ ಬಡಿಸಿದ್ದರೆ ಹೆಣ್ಣಿನ ಕಡೆಯವರು ಅಲ್ಲೇ ವಾಪಸ್ ಹೋಗುತ್ತಿದ್ದರು. ಇದಕ್ಕೆ ಯಾವ ವೈನ್ ಹೊಂದುತ್ತದೆ ಅಂತ ಅರ್ಧ ಗಂಟೆ ಭಾಷಣ. ಪಂದಿಕರಿಗೆ ಬೀಳುವುದು ಕಾಚಂಪುಳಿ. ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸಿದ ಹುಳಿ ಅದು, ಒಂದು ಚಮಚ ಜಾಸ್ತಿಯಾದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಅಂಥ ಹುಳಿಯ ಮುಂದೆ ಸಾಧಾರಣ ವೈನ್ ಸಪ್ಪೆಯಾಗುತ್ತದೆ. ಕರಿಮೆಣಸಿನ ಖಾರಕ್ಕೆ ಅದರೊಳಗಿನ ಮದ್ಯ ಗಂಟಲು ಸುಡುತ್ತದೆ. ಪಂಡಿತ ಹುಡುಗನಿಗೂ ಇದು ಗೊತ್ತಿರಬೇಕು. ಆದರೆ 'ಇದಕ್ಕೆ ಕಡಂಬುಟ್ಟೇ ಸಾಕು' ಅಂದರೆ ಅವನ ಸಂಬಳಕ್ಕೆ ಕತ್ತರಿ ಅಲ್ವಾ?

ಕೇಕ್ ಮಿಕ್ಸಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡವರೆಲ್ಲ ಬಿಳಿ ಟೋಪಿ, ಕೈಗವಸು ಹಾಕಿ ಒಣದ್ರಾಕ್ಷಿ, ಗೋಡಂಬಿಯ ರಾಶಿಗೆ ರಮ್ ಸುರಿದು ಕಲಸುತ್ತಾರೆ, ಫೋಟೋ ಪೇಪರಿನಲ್ಲಿ ಬರುತ್ತದೆ. ಆ ಕೇಕನ್ನು ಆಮೇಲೆ ನೋಡಿದವರಿದ್ದರೆ ತಿಳಿಸಿ.

ಇಂಥ ವಾರಕ್ಕೆ ಸರ್ಕಾರದ ಆಶೀರ್ವಾದವೂ ಇರುತ್ತದೆ. ನಮ್ಮ ಸರ್ಕಾರದ್ದು ವಿಶಾಲ ಹೃದಯ. ವೈನ್ ಕುಡಿಯುವುದನ್ನು ಪ್ರೋತ್ಸಾಹಿಸಲು ದ್ರಾಕ್ಷಾರಸ ಮಂಡಳಿ ಇದೆ. ಕುಡಿಯಬೇಡಿ ಅನ್ನಲು ಮದ್ಯಪಾನ ಸಂಯಮ ಮಂಡಳಿ ಇದೆ. ಎರಡರ ನಡುವೆ ಅಬಕಾರಿ ಇಲಾಖೆ. 2025-26ರ ಬಜೆಟ್‌ನಲ್ಲಿ ಅದಕ್ಕೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಸಂಯಮ ಮಂಡಳಿಯ ಮಾತನ್ನು ಜನ ನಿಜಕ್ಕೂ ಕೇಳಿಬಿಟ್ಟರೆ ಬಜೆಟ್ಟೇ ಮಗುಚಿಕೊಳ್ಳುತ್ತದೆ. ನಮ್ಮ ಜಿಲ್ಲೆಯ ಮಟ್ಟಿಗಂತೂ ಇನ್ನೂ ಸೊಗಸು. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಅದೇ ಮನೆಯವರು ಮಗಳ ಮದುವೆಗೆ ಕಲ್ಯಾಣ ಮಂಟಪದಲ್ಲಿ ಬಾಟಲಿ ತೆರೆಯಬೇಕಾದರೆ ಅಬಕಾರಿಯವರ ತಾತ್ಕಾಲಿಕ ಲೈಸೆನ್ಸ್ ಬೇಕು. ಕೋವಿಯನ್ನು ನಂಬುತ್ತಾರೆ, ಬೀಗರನ್ನು ನಂಬುವುದಿಲ್ಲ.

ಉದ್ಘಾಟನೆಗೆ ಬಂದಿದ್ದ ಗಣ್ಯರೊಬ್ಬರು ವೈನ್ ಹೃದಯಕ್ಕೆ ಒಳ್ಳೆಯದು ಅಂದರು. ಮದ್ಯ ಎಷ್ಟು ಕಮ್ಮಿ ಕುಡಿದರೂ ಸುರಕ್ಷಿತ ಅನ್ನಲಾಗದು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ, ಅದು ಕುಶಾಲನಗರ ದಾಟಿ ಬಂದಿಲ್ಲ. ಇರಲಿ. ಕೊಡಗಿಗೊಂದು ತುರ್ತು ಆಸ್ಪತ್ರೆ ಬೇಕು ಅಂತ 2019ರ ಜೂನ್‌ನಲ್ಲಿ ಜನ ಮೊಬೈಲ್ ಹಿಡಿದು ಜಾಲತಾಣಗಳಲ್ಲಿ ಕೂಗಿಕೊಂಡಿದ್ದರು. ಇಂದಿಗೂ ಎದೆ ಹಿಡಿದುಕೊಂಡವರನ್ನು ಗಾಡಿಯಲ್ಲಿ ಹಾಕಿ ಮೈಸೂರು ದಾರಿ ಹಿಡಿಯುವವರೇ ಜಾಸ್ತಿ, ಹೆಚ್ಚುಕಮ್ಮಿ 120 ಕಿಲೋಮೀಟರ್. ಹೃದಯಕ್ಕೆ ಅಂತ ಊರಲ್ಲೇ ಸುಲಭವಾಗಿ ಸಿಗುವುದು ಸದ್ಯಕ್ಕೆ ವೈನ್ ಒಂದೇ.

ಮೂವತ್ತೊಂದರ ರಾತ್ರಿ ಮಡಿಕೇರಿಯ ರಸ್ತೆಗಳಲ್ಲಿ ಗಾಡಿಗಳ ಸಾಲು. ಪೊಲೀಸರು ಮೆಷಿನ್ ಹಿಡಿದು ನಿಂತಿದ್ದರು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ನಮ್ಮ ಮುಂದಿನ ಕಾರಿನಲ್ಲಿದ್ದವನು ವಾರಪೂರ್ತಿ ಪ್ಯಾಕೇಜಿನ ಗಿರಾಕಿ. ಗಾಜು ಇಳಿಸಿ, 'ಕುಡಿದಿಲ್ಲ ಸಾರ್, ಬರೀ ಟೇಸ್ಟ್ ಮಾಡಿದ್ದು' ಅಂದ.

'ಹೌದಾ? ಹಾಗಾದ್ರೆ ಇಲ್ಲಿ ಊದಿ,' ಅಂದರು ಪೇದೆ. 'ನಾವೂ ಸ್ವಲ್ಪ ಟೇಸ್ಟ್ ನೋಡ್ತೀವಿ.'