ಉಳದವನೇ ಹೊಲದೊಡೆಯ

ನಮ್ಮಲ್ಲಿ ದೇವರಾಜ ಅರಸರ ಕಾಲದಲ್ಲಿ ‘ಉಳುವವನೇ ಹೊಲದೊಡೆಯ’ ಎಂದು ಕಾನೂನು ಬಂತು. ಟೆಕ್ಸಾಸಿನ ವಾರ್ಟನ್ ಕೌಂಟಿಯಲ್ಲಿ ಯಾರಾದರೂ ಹಾಗೆಂದಿದ್ದರೆ, ಉಳುವ ತಾಪತ್ರಯ ಯಾಕೆ ಸ್ವಾಮಿ ಅಂತಿದ್ದರೇನೋ.

ಹ್ಯೂಸ್ಟನ್ನಿನ ನೈರುತ್ಯಕ್ಕಿರುವ ಈ ಸೀಮೆ ಭತ್ತಕ್ಕೆ ಹೆಸರುವಾಸಿ. ಅಲ್ಲಿನ ಎಲ್ ಕ್ಯಾಂಪೊದಲ್ಲಿ ಗುತ್ತಿಗೆದಾರರೊಬ್ಬರು 18 ಎಕರೆ ಜಾಗದಲ್ಲಿ ಹೆಂಡತಿಗೆಂದು ದೊಡ್ಡ ಮನೆ ಕಟ್ಟಿಸಿದರು. ಬೇಸಾಯಕ್ಕೂ ಅವರಿಗೂ ಸಂಬಂಧವಿಲ್ಲ. ಆದರೂ ವರ್ಷಕ್ಕೆ ಸುಮಾರು 1,300 ಡಾಲರ್, ‘ನೇರ ಪಾವತಿ’ ಎಂಬ ಕೃಷಿ ಸಹಾಯಧನ! ಹಿಂದೆ ಯಾವಾಗಲೋ ಯಾರೋ ಅಲ್ಲಿ ಭತ್ತ ಬೆಳೆದಿದ್ದರಂತೆ. ನನಗೆ ಬೇಡ ಎಂದು ಹಿಂದಿರುಗಿಸಲು ಹೋದರೆ, ಅದು ಬೇರೆ ಜಮೀನುದಾರರಿಗೆ ಹೋಗುತ್ತದೆ ಅಷ್ಟೇ ಅಂದರಂತೆ. ಹೀಗೆ ಬೇಸಾಯವನ್ನೇ ಮಾಡದವರಿಗೆ 2000ದಿಂದೀಚೆಗೆ ಹೋದದ್ದು ಕನಿಷ್ಠ 130 ಕೋಟಿ ಡಾಲರ್ ಎಂದು ವಾಷಿಂಗ್ಟನ್ ಪೋಸ್ಟ್ 2006ರಲ್ಲಿ ಲೆಕ್ಕ ಕೊಟ್ಟಿತು.

ನೆಲದ ನೆನಪಿಗೆ ಪಿಂಚಣಿ ಎನ್ನಿ. ಹಿಂದಿನ ಬೆಳೆಯ ಲೆಕ್ಕದ ಮೇಲೆ ನೆರವು ಪಡೆಯುವ ಇಂಥ ನೆಲಕ್ಕೆ ಸರ್ಕಾರಿ ಭಾಷೆಯಲ್ಲಿ ‘ಬೇಸ್ ಎಕರೆ’ ಎಂದು ಹೆಸರು. ಅಲ್ಲಿ ಕುದುರೆ ಮೇಯಿಸಿ, ಪಾಳು ಬಿಡಿ, ಹಣ ಬರುತ್ತಿತ್ತು. ಟೊಮೆಟೊ ಬೆಳೆದಿರೋ, ಕಂತಿಗೆ ಕತ್ತರಿ! ಹಣ್ಣು ತರಕಾರಿ ಬೆಳೆಯುವ ಕ್ಯಾಲಿಫೋರ್ನಿಯಾ, ಫ್ಲಾರಿಡಾದವರಿಗೆ ಸಬ್ಸಿಡಿ ತಿಂದ ಪೈಪೋಟಿದಾರರು ಬೇಕಿರಲಿಲ್ಲ. ಕೃಷಿ ನೆರವಿನಲ್ಲಿ ನಿಜವಾದ ಅಪರಾಧ ಎಂದರೆ ಏನನ್ನಾದರೂ ಬೆಳೆದುಬಿಡುವುದು. ಹಳೆಯ ಗದ್ದೆಗಳನ್ನು ಸೈಟು ಮಾಡಿ ಮಾರಿದ ಮೇಲೂ ಹೊಸ ಮಾಲೀಕರಿಗೆ ಕಂತು ಹಿಂಬಾಲಿಸಿತು. ಇಂಥ ತುಂಡು ಜಮೀನಿಗೆ ಊರವರು ಇಟ್ಟ ಹೆಸರು ‘ಕೌಬಾಯ್ ಸ್ಟಾರ್ಟರ್ ಕಿಟ್’.

ಬದುಕಿದವರ ಕಥೆಯೇ ಇಷ್ಟಾದರೆ ಸತ್ತವರು ಸುಮ್ಮನಿರುತ್ತಾರೆಯೇ? 1999ರಿಂದ 2005ರವರೆಗೆ 1,72,801 ಮೃತರ ಹೆಸರಿನಲ್ಲಿ 110 ಕೋಟಿ ಡಾಲರ್ ಪಾವತಿಯಾಗಿದೆ ಎಂದು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯೇ 2007ರಲ್ಲಿ ಹೇಳಿತು. ಆಸ್ತಿ ಇತ್ಯರ್ಥವಾಗುವ ತನಕ ಕೊಡಬಹುದೆಂಬ ನಿಯಮವಿದೆ, ಸರಿ. ಆದರೆ ಆ ಹಣದಲ್ಲಿ ಶೇ 40ರಷ್ಟು ತೀರಿಕೊಂಡು 3 ವರ್ಷ ದಾಟಿದವರದು. ನಾವು ಪಿತೃಪಕ್ಷದಲ್ಲಿ ಎಡೆ ಇಟ್ಟು ಕಾಗೆಗೆ ಕಾಯುತ್ತೇವೆ. ಅವರದು ನೇರ ಪಾವತಿ. ಇಲ್ಲಿ ಪಿಎಂ ಕಿಸಾನ್‌ನ 2,000 ರೂಪಾಯಿಗೆ ಬದುಕಿರುವ ರೈತನೇ ಸವೆದ ಹೆಬ್ಬೆಟ್ಟನ್ನು ಪಂಚೆಗೆ ಒರೆಸಿ ಒರೆಸಿ ಇ-ಕೆವೈಸಿಗೆ ಒತ್ತಬೇಕು.

ಗಲಾಟೆಯಾಗಿ 2014ರಲ್ಲಿ ಆ ನೇರ ಪಾವತಿ ರದ್ದಾಯಿತು. ಬೇರೆ ಹೆಸರಿನ ಯೋಜನೆಗಳು ಬಂದವು. ಲೆಕ್ಕಕ್ಕೆ ಹಿಡಿದದ್ದು ಮತ್ತದೇ ಬೇಸ್ ಎಕರೆ. ಒಬ್ಬರಿಗೆ ವರ್ಷಕ್ಕೆ ಇಷ್ಟೇ ನೆರವು ಎಂದು ತಲಾ ಮಿತಿ 1,25,000 ಡಾಲರ್ ಇತ್ತಲ್ಲ, ಅದಕ್ಕೂ ಉಪಾಯ ಸಿಕ್ಕಿತು, ತಲೆಗಳನ್ನೇ ಹೆಚ್ಚಿಸುವುದು. 2018ರ ಕಾಯ್ದೆಯಲ್ಲಿ ‘ಕುಟುಂಬ’ದೊಳಕ್ಕೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳು, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು, ಅತ್ತೆ ಮಾವಂದಿರ ಮಕ್ಕಳೂ ಸೇರಿದರು. ಹದಿನೆಂಟಕ್ಕೇ ಮಕ್ಕಳನ್ನು ಮನೆಯಿಂದಾಚೆ ಕಳಿಸುವ ದೇಶದಲ್ಲಿ ಅವಿಭಕ್ತ ಕುಟುಂಬವೊಂದು ಉಳಿದಿದ್ದರೆ ಅದು ಸಬ್ಸಿಡಿ ಅರ್ಜಿಯೊಳಗೆ.

2025ರ ಕಾಯ್ದೆ ಮಿತಿಯನ್ನು 1,55,000ಕ್ಕೆ ಏರಿಸಿದೆ. ಜೊತೆಗೆ 3 ಕೋಟಿ ಎಕರೆಯವರೆಗೆ ಹೊಸ ಬೇಸ್ ಸೇರಿಸಿಕೊಳ್ಳಲು ಅನುಮತಿ. ಅಷ್ಟೂ ನೆಲಕ್ಕೆ ಒಂದೇ ಸಲ ಜ್ಞಾಪಕಶಕ್ತಿ ಬಂದುಬಿಡುತ್ತದೆ, ಬ್ರಾಹ್ಮೀ ಎಲೆ ತಿಂದ ಹಾಗೆ.