ಮೊದಲಕ್ಷರ ಕೂಡಿತಾ? ಹಾಗಾದ್ರೆ ನೆಂಟರೇ!

ಪದಗಳ ಹುಟ್ಟು ಹುಡುಕೋದು ಕಷ್ಟದ ಕೆಲಸ ಅಂತ ಯಾರು ಹೇಳಿದ್ದು? ಮೊಬೈಲ್, ಅದರಲ್ಲೊಂದು ವಾಟ್ಸಾಪ್ ಗುಂಪು ಇದ್ದರೆ ಸಾಕು. ಎರಡು ಪದ ತಗೊಳ್ಳಿ, ಮೊದಲ ಎರಡಕ್ಷರ ಕೂಡುತ್ತಾ ನೋಡಿ. ಕೂಡಿದರೆ ನೆಂಟಸ್ತಿಕೆ ಕುದುರಿತು. ಕೊನೆಗೆ ‘ಹೆಮ್ಮೆ ಇದ್ದರೆ ಎಲ್ಲರಿಗೂ ಕಳಿಸಿ’ ಅಂತ ಸೇರಿಸಿದರೆ ಸಂಶೋಧನೆ ಮುಗೀತು.

‘ಸರ’ ಮನೆತನವನ್ನೇ ನೋಡಿ. ಈ ಶಾಸ್ತ್ರದ ಪ್ರಕಾರ ಸರ್ಕಾರ, ಸರಸ್ವತಿ, ಸರಸ, ಸರ್ಕಸ್, ಸರ್ವರ್, ಸರ್ ಎಲ್ಲ ಒಂದೇ ತಾಯಿಯ ಮಕ್ಕಳು. ನಿಘಂಟು ತೆಗೆದರೆ ಮಾತ್ರ ಮನೆ ಒಡೆಯುತ್ತದೆ. ಸರ್ಕಾರ ಬಂದದ್ದು ಪಾರ್ಸಿಯಿಂದ. ಅಲ್ಲಿ ‘ಸರ್’ ಅಂದರೆ ತಲೆ. ಸರದಾರ, ಸರಹದ್ದುಗಳಲ್ಲಿರುವುದೂ ಅದೇ ತಲೆ. ಇವು ಮೂರು ನಿಜವಾದ ಬಳಗ. (ಸರ್ಕಾರದಲ್ಲಿ ತಲೆ ಇದೆ ಅನ್ನೋದಕ್ಕೆ ಸದ್ಯಕ್ಕೆ ಸಿಕ್ಕಿರುವ ಸಾಕ್ಷಿಯೂ ಇದೊಂದೇ.) ಸರಸ್ವತಿಯ ‘ಸರಸ್’ ನೀರಿನದು. ಸರಸದಲ್ಲಿ ‘ಸರ’ವೇ ಇಲ್ಲ, ಅದು ‘ಸ’ ಮತ್ತು ‘ರಸ’. ಸರ್ಕಸ್ ಲ್ಯಾಟಿನ್ನಿನ ವೃತ್ತ. ಸರ್ವರ್‌ನ ಬೇರೂ ಲ್ಯಾಟಿನ್, ಅಲ್ಲಿ ಅದರರ್ಥ ಸೇವೆ ಮಾಡುವುದು. ಸೇವೆ ಹೇಗಿದೆ ಅಂತ ಗೊತ್ತಲ್ವಾ? ಇನ್ನು ಇಂಗ್ಲಿಷಿನ ‘ಸರ್’ ಮೂಲದಲ್ಲಿ ಬರೀ ‘ವಯಸ್ಸಿನಲ್ಲಿ ಹಿರಿಯ’. ಈ ಎರಡೂ ಒಟ್ಟಿಗೆ ಕಾಣೋದು ‘ಸರ್ವರ್ ಡೌನ್ ಸರ್’ ಅನ್ನುವಾಗ ಮಾತ್ರ.

ನಿಜವಾದ ನೆಂಟರಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಯಾಕಂದ್ರೆ ಅವರ ಮೊದಲಕ್ಷರ ಬೇರೆ! ಹಳಗನ್ನಡದ ಪಾಲು, ಪಾವು ಬರ್ತಾ ಬರ್ತಾ ಹಾಲು, ಹಾವು ಆದವು. ತಮಿಳಿನಲ್ಲಿ ಈಗಲೂ ಪಾಲ್, ಪಾಂಬು. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೈ ಅಲ್ಲಿ ಚೆಯ್ಯಿ. ಒಂದು ಕಡೆ ‘ಪ’ ಇದ್ದಲ್ಲಿ ಇನ್ನೊಂದು ಕಡೆ ‘ಹ’, ಒಂದು ಕಡೆ ‘ಕ’ ಇದ್ದಲ್ಲಿ ಇನ್ನೊಂದು ಕಡೆ ‘ಚ’. ಪದದ ಮೇಲೆ ಪದ ಇದೇ ಲೆಕ್ಕದಲ್ಲಿ ಸಿಗುತ್ತಾ ಹೋದರೆ ಭಾಷಾಶಾಸ್ತ್ರಜ್ಞರು ನೆಂಟಸ್ತಿಕೆ ಒಪ್ಪುತ್ತಾರೆ. ತುಂಬಾ ನಿಧಾನದ ಜನ. ಫಾರ್ವರ್ಡ್ ಮಾಡಲು ಅವರ ಹತ್ತಿರ ಏನೂ ಇರೋದಿಲ್ಲ.

ಅವರು ಹೇಳುವ ಇನ್ನೊಂದು ಕಥೆಯಂತೂ ಎದೆ ಒಡೆಸುತ್ತೆ. ಆಸ್ಟ್ರೇಲಿಯಾದ ಎಂಬಬರಮ್ ಭಾಷೆಯಲ್ಲಿ ನಾಯಿಗೆ ‘ಡಾಗ್’ ಅನ್ನುತ್ತಿದ್ದರು. ಅಕ್ಷರವಲ್ಲ, ಇಡೀ ಪದವೇ ಇಂಗ್ಲಿಷಿನ ಹಾಗೆ. ಆದರೂ ಎರಡಕ್ಕೂ ಏನೇನೂ ಸಂಬಂಧವಿಲ್ಲ, ಸುಮ್ನೆ ಕಾಕತಾಳೀಯ. ಇಂಥ ಚಿನ್ನ ನಮ್ಮ ಸಂಶೋಧಕರ ಕೈಗೆ ಸಿಕ್ಕಿದ್ದರೆ ಇಷ್ಟೊತ್ತಿಗೆ ಇಂಗ್ಲಿಷರ ಮೂಲ ಊರು ಆಸ್ಟ್ರೇಲಿಯಾ ಆಗಿರುತ್ತಿತ್ತು.

ಇಲ್ಲ, ಆಗುತ್ತಿರಲಿಲ್ಲ. ಈ ಶಾಸ್ತ್ರದಲ್ಲಿ ಪದಗಳು ಹೊರಡುವುದು ಯಾವಾಗಲೂ ನಮ್ಮ ಮನೆಯಿಂದಲೇ. ಚಾವಿ, ಮೇಸ್ತ್ರಿ, ಪಗಾರ ಪೋರ್ಚುಗೀಸರಿಂದ ಬಂದವು ಅಂತ ಒಮ್ಮೆ ಹಾಕಿ ನೋಡಿ. ಉತ್ತರ ಬರೋದಿಲ್ಲ. ‘ನಿಮ್ಮನ್ನು ಗುಂಪಿನಿಂದ ತೆಗೆಯಲಾಗಿದೆ’ ಅಂತ ಬರುತ್ತೆ.