ಏನಾದ್ರೂ ಬಿತ್ತಾ ಸಾರ್?

ಗಾಳ ಹಾಕಿ ಕೂತವನಿಗೆ ಮೀನು ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಸಲಹೆ ಮಾತ್ರ ಸಿಕ್ಕೇ ಸಿಗುತ್ತೆ. ಕೆರೆ ಏರಿ ಕೆಳಗೆ ಒಬ್ಬರೇ ಕೂತಿರುತ್ತೀರಿ, ಸುತ್ತ ಒಂದು ನರಪಿಳ್ಳೆಯೂ ಇಲ್ಲ, ಬೆಂಡು ನೀರಿಗೆ ಬಿದ್ದು ಇನ್ನೂ ಸರಿಯಾಗಿ ನಿಂತಿರಲ್ಲ, ಅಷ್ಟರಲ್ಲಿ ಬೆನ್ನ ಹಿಂದೆ ಒಂದು ಕೆಮ್ಮು. ಆಮೇಲೆ ಪ್ರಶ್ನೆ. "ಏನಾದ್ರೂ ಬಿತ್ತಾ ಸಾರ್?" ಇಲ್ಲ ಅಂದರೆ ಅವರ ಮುಖ ಅರಳುತ್ತೆ. ಇನ್ನು ಅವರ ಕೆಲಸ ಶುರು.

ಬಿಸಿಲು ಕಾಲದಲ್ಲಿ ನಾನು ಹೋಗೋದು ಮಂಡ್ಯ ಕಡೆಯ ಕೆರೆಗಳಿಗೆ. ಕೆರೆ ಗುತ್ತಿಗೆ ಹಿಡಿದವರನ್ನ ಒಂದು ಮಾತು ಕೇಳಿ ಸಂಜೆ ಹೊತ್ತಿಗೆ ಕೂತರೆ, ಮೊದಲು ಬರೋದು ಜಿಲೇಬಿ. ಹೆಸರು ಸಿಹಿ, ಸ್ವಭಾವ ಅಲ್ಲ. ಆಫ್ರಿಕಾ ಮೂಲದ ಈ ಮೀನನ್ನ 1952ರಲ್ಲಿ ನಮ್ಮ ದೇಶಕ್ಕೆ ತಂದರು. ತಾಯಿ ಮೀನು ಮೊಟ್ಟೆಗಳನ್ನ ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತೆ, ಅಷ್ಟು ಜೋಪಾನ ಮಾಡಿದ ಮೇಲೆ ಕೇಳಬೇಕಾ, ಕೆರೆ ತುಂಬ ಅದರದೇ ಸಂಸಾರ. ಅದು ಗಾಳಕ್ಕೆ ಬಾಯಿ ಹಾಕಿದರೆ ಬೆಂಡು ಟಕ ಟಕ ಅಂತ ಕುಣಿಯುತ್ತೆ. ರೋಹು ಹಾಗಲ್ಲ. ಬೆಂಡು ಮೊದಲು ಸಣ್ಣಗೆ ನಡುಗುತ್ತೆ, ಸುಮ್ಮನಾಗುತ್ತೆ, ಇನ್ನೇನು ಬಿಟ್ಟು ಹೋಯ್ತು ಅನ್ನೋವಾಗ ಓರೆಯಾಗಿ, ನಿಧಾನಕ್ಕೆ, ಯಾರೋ ಒಳಗಿಂದ ಬೆರಳಲ್ಲಿ ಎಳೆದ ಹಾಗೆ ಜಾರಿ ನೀರೊಳಗೆ ಹೋಗುತ್ತೆ. ಆ ಒಂದು ಗಳಿಗೆಗಾಗಿ ಇಡೀ ಭಾನುವಾರ ಹಾಳು ಮಾಡಿಕೊಳ್ಳಬಹುದು. ಮಾಡಿಕೊಂಡಿದ್ದೇನೆ.

ಆದರೆ ಸರಿಯಾಗಿ ಅದೇ ಗಳಿಗೆಯಲ್ಲಿ ಮೇಕೆ ಮೇಯಿಸುವ ಯಜಮಾನರೊಬ್ಬರು "ಎಳೀರಿ ಸಾರ್!" ಅಂತ ಕೂಗುತ್ತಾರೆ. ಎಳೆದರೆ ಬರೀ ಮುಳ್ಳು. "ಅಷ್ಟು ಬೇಗ ಎಳೀತಾರಾ?" ಅಂತ ಅವರೇ ಬೈಯುತ್ತಾರೆ. ಹಾಗಂತ ಅವರನ್ನ ತಳ್ಳಿಹಾಕೋಕೂ ಆಗಲ್ಲ. ಕಾಟ್ಲಾ ಮೇಲೆ ಮೇಯುತ್ತೆ, ರೋಹು ನಡುನೀರಲ್ಲಿ, ಮೃಗಾಲ್ ತಳದಲ್ಲಿ, ನೀವು ಎಲ್ಲ ಬಿಟ್ಟು ಜೊಂಡಲ್ಲಿ ಹಾಕಿದ್ದೀರಲ್ಲ ಅಂತ ಹೇಳಿಕೊಟ್ಟವರು ಅವರೇ. ಜಿಲೇಬಿಯ ಬೆನ್ನಿನ ಮುಳ್ಳು ಚುಚ್ಚದ ಹಾಗೆ ತಲೆ ಕಡೆಯಿಂದ ಬಾಲದ ಕಡೆಗೆ ಅಂಗೈ ಸವರಿ ಹಿಡಿಯೋದನ್ನ ತೋರಿಸಿಕೊಟ್ಟವರೂ ಅವರೇ. ಒಂದು ಸಲವೂ ಗಾಳ ಮುಟ್ಟಿದ್ದನ್ನ ನೋಡಿಲ್ಲ. ಬರೀ ಬಾಯಿ ಮಾತಲ್ಲೇ ಕೆರೆಯನ್ನ ಅರ್ಧ ಖಾಲಿ ಮಾಡಿದ್ದಾರೆ.

ರೋಹುಗೆ ವಾಸನೆ ಬೇಕು ಅಂದಿದ್ದೂ ಅವರೇ. ಸರಿ, ಗೋಧಿ ಹಿಟ್ಟಿಗೆ ಸೋಂಪಿನ ಪುಡಿ, ಏಲಕ್ಕಿ, ಸ್ವಲ್ಪ ಬೆಲ್ಲ ಹಾಕಿ ಗಟ್ಟಿಯಾಗಿ ಕಲಸಿ, ರಾತ್ರಿ ಫ್ರಿಜ್‌ನಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ಮಾವ ಊರಿಂದ ಬಂದಿದ್ದರು, ಅಮ್ಮ ಕಲಸಿದ ಹಿಟ್ಟು ಸಿಕ್ಕಿತಲ್ಲ ಅಂತ ಚಪಾತಿ ಒತ್ತಿ ಬಡಿಸಿಯೂ ಆಗಿತ್ತು. ಮಾವ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. "ಏನು ಘಮ ಕಣಮ್ಮ, ನಮ್ಮನೇಲಿ ಯಾರಿಗೂ ಹಿಂಗೆ ಬರಲ್ಲ" ಅಂದರು. ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಅವರು ಬಂದಾಗಲೆಲ್ಲ ಆ ಚಪಾತಿಯೇ ಆಗಬೇಕು. ಇಷ್ಟು ಮಾತ್ರ ಹೇಳಬಲ್ಲೆ, ಉಳಿದ ಉಂಡೆಯನ್ನ ಕೆರೆಗೆ ಹಾಕಿದರೆ ರೋಹು ಮೂಸಿಯೂ ನೋಡಲಿಲ್ಲ.

ಬೇಸಿಗೆಯಲ್ಲೇ ಸಾಗರ, ಸೊರಬದ ಕಡೆ ಕೆರೆಬೇಟೆ ನಡೆಯುತ್ತೆ. ನೀರು ತಗ್ಗಿದ ಕೆರೆಗೆ ಊರಿಗೆ ಊರೇ ಇಳಿಯೋದು. ಕೈಯಲ್ಲಿ ಕೂಣಿ. ಬಿದಿರಿನ ಕಡ್ಡಿಯಲ್ಲಿ ಹೆಣೆದಿದ್ದು, ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ. ಕೆಸರು ನೀರಲ್ಲಿ ಅಂದಾಜಿನ ಮೇಲೆ ದಬಕ್ ಅಂತ ಒತ್ತಬೇಕು, ಒಳಗೆ ಏನೋ ಬಡಿದಾಡಿದರೆ ಮೇಲಿನ ಬಾಯಿಂದ ಕೈ ಹಾಕಿ ಹಿಡಿಯಬೇಕು. ಇಲ್ಲಿ ಸಲಹೆಗಾರರಿಲ್ಲ, ಎಲ್ಲರೂ ಸೊಂಟದವರೆಗೆ ಕೆಸರಲ್ಲಿ ಇರುತ್ತಾರಲ್ಲ, ಯಾರಿಗೆ ಪುರುಸೊತ್ತು? ನೆಂಟರ ಜೊತೆ ನಾನೂ ಇಳಿದಿದ್ದೆ. ಯಾರೋ ಪುಣ್ಯಾತ್ಮರು ತಮ್ಮ ಕೂಣಿಯನ್ನ ನೇರ ನನ್ನ ಪಾದದ ಮೇಲೆ ಒತ್ತಿದರು. ನಾನು ಕಾಲು ಕೊಡವಿದೆ. ಒಳಗೆ ಬಡಿದಾಡಿದ್ದು ಗೊತ್ತಾದ ಕೂಡಲೇ ಅವರು ಭುಜದವರೆಗೆ ಕೈ ಇಳಿಸಿ ನನ್ನ ಹೆಬ್ಬೆರಳು ಹಿಡಿದು "ದೊಡ್ಡ ಕೊರವ ಮೀನು ಕಣ್ರೋ!" ಅಂತ ಎಳೆಯೋಕೆ ಶುರು ಮಾಡಿದರು. ನಾನು ಬಿದ್ದ ಮೇಲೂ ಬಿಡಲಿಲ್ಲ. ಮೀನು ಕೂಗಿಕೊಳ್ಳಲ್ಲ ಅನ್ನೋದು ನೆನಪಾದ ಮೇಲೆ ಬಿಟ್ಟರು.

ಮಳೆ ಹಿಡಿದ ಮೇಲೆ ಮಲೆನಾಡಿನ ಕಥೆಯೇ ಬೇರೆ. ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಗೆ ಹರಿಯುತ್ತೆ, ಮೀನು ಮೊಟ್ಟೆ ಇಡೋಕೆ ಹೊಸ ನೀರಿಗೆ ಎದುರಾಗಿ ಗದ್ದೆಗೆ ಹತ್ತುತ್ತೆ. ಅದಕ್ಕೇ ಹತ್ತುಮೀನು ಅನ್ನೋದು. ರಾತ್ರಿ ಟಾರ್ಚು, ಕತ್ತಿ ಹಿಡಿದು ಜನ ಗದ್ದೆಗೆ ಇಳಿಯುತ್ತಾರೆ. ನನಗೆ ಅದು ಅಷ್ಟು ಹಿಡಿಸಲ್ಲ. ಮೊಟ್ಟೆ ಹೊತ್ತುಕೊಂಡು ಬಂದಿದ್ದನ್ನ ಕಡಿಯೋದರಲ್ಲಿ ಆಟ ಎಲ್ಲಿದೆ? ಅದಕ್ಕೆ ನಾನು ಹಗಲಲ್ಲಿ, ಇಂಬಳ ಕಿತ್ತು ಹಾಕುತ್ತಾ, ಕೊರವನಿಗೆ ಅಂತ ಆನ್‌ಲೈನ್‌ನಲ್ಲಿ ತರಿಸಿದ ರಬ್ಬರ್ ಕಪ್ಪೆಯನ್ನ ಗಾಳಕ್ಕೆ ಕಟ್ಟಿ ಹೊಂಡದಲ್ಲಿ ಕುಣಿಸುತ್ತಿದ್ದೆ. ಬಣ್ಣ, ಕಾಲು, ಕಣ್ಣು ಎಲ್ಲ ಥೇಟ್ ಕಪ್ಪೆ. ಎಷ್ಟು ಥೇಟ್ ಅಂದರೆ ಕೊರವನ ಬದಲು ಒಂದು ಗಂಡು ಕಪ್ಪೆ ಬಂತು. ಮಳೆಗಾಲ ಅವುಗಳ ಮದುವೆ ಸೀಸನ್ ಅಲ್ವಾ, ಆಗ ಸಿಕ್ಕಿದ್ದನ್ನ ತಬ್ಬಿಕೊಳ್ಳುತ್ತವೆ. ಇದು ನನ್ನ ರಬ್ಬರ್ ಕಪ್ಪೆಯ ಬೆನ್ನೇರಿ ಗಟ್ಟಿಯಾಗಿ ಹಿಡಿದುಕೊಂಡಿತು. ದಾರ ಸುತ್ತಿದರೂ ಬಿಡದು, ದಡಕ್ಕೆ ತಂದರೂ ಬಿಡದು. ಕೈಯಿಂದ ಬಿಡಿಸೋಕೆ ಹೋದರೆ ನನ್ನನ್ನೇ ದುರುಗುಟ್ಟಿಕೊಂಡು ನೋಡಿತು. ಕೊಡೆ ಹಿಡಿದು ತೋಟಕ್ಕೆ ಹೊರಟಿದ್ದ ಒಬ್ಬರು ಅಲ್ಲೇ ನಿಂತು ಪೂರ್ತಿ ನೋಡಿದರು. "ಬಿಡ್ರೀ ಮಾರಾಯ್ರೆ, ಸಂಬಂಧ ಕೂಡಿ ಬಂದಿದೆ" ಅಂದರು.

ಹೊಳೆಯಲ್ಲಿ ದೊಡ್ಡ ಮೀನು ಅಂದರೆ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನದನ್ನ ಹಿಡಿದಿದ್ದರು, ಅಂದರೆ ಸುಮಾರು 54 ಕೆಜಿ. ಕಾವೇರಿಯಲ್ಲಿ ಅದಕ್ಕೆ ಹಾಕುತ್ತಿದ್ದ ಎರೆ ಏನು ಗೊತ್ತಾ? ರಾಗಿ ಮುದ್ದೆ. ಒಬ್ಬ ಮಂಡ್ಯದವನಾಗಿ ಇದನ್ನ ಕೇಳಿ ಎದೆ ಉಬ್ಬಿತು. ಈಗ ಕಾವೇರಿ ವನ್ಯಧಾಮದೊಳಗೆ ಗಾಳ ಹಾಕೋ ಹಾಗಿಲ್ಲ, ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂದಿದೆ, ಹಾಗಾಗಿ ನಿಲ್ಲಿಸಿದ್ದು ನ್ಯಾಯವೇ. ದೊಡ್ಡ ಮೀನು ನೋಡಬೇಕು ಅನ್ನಿಸಿದರೆ ಶೃಂಗೇರಿಗೆ ಹೋಗಿ ತುಂಗೆಯ ಮೆಟ್ಟಿಲ ಮೇಲೆ ಪುರಿ ಚೆಲ್ಲುತ್ತಾ ಕೂರುತ್ತೇನೆ. ಮೊಣಕೈ ಉದ್ದದ ಮೀನುಗಳು ಕಾಲ ಬುಡದಲ್ಲೇ ಬಾಯಿ ತೆರೆಯುತ್ತವೆ. ಸಕ್ಕರೆ ಕಾಯಿಲೆಯವರು ಮೈಸೂರು ಪಾಕಿನ ಅಂಗಡಿ ಮುಂದೆ ನಿಂತ ಹಾಗೆ. ಹೆಂಡತಿ ನನ್ನ ಕೈ ನೋಡುತ್ತಿರುತ್ತಾಳೆ, ಮೀನನ್ನಲ್ಲ.

ಮಳೆ ನಿಂತು ನೀರು ತಿಳಿಯಾದ ಮೇಲೆ, ಚಳಿಗಾಲಕ್ಕೆ ಕರಾವಳಿ. ಕುಂದಾಪುರದಲ್ಲಿ ಐದು ಹೊಳೆ ಸೇರಿ ಸಮುದ್ರಕ್ಕೆ ಬೀಳುವ ಅಳಿವೆಯ ಹತ್ತಿರ ನಾನು ರಾಡು, ರೀಲು, ಟೋಪಿ, ಕಪ್ಪು ಕನ್ನಡಕ ಎಲ್ಲ ಏರಿಸಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಹೈಸ್ಕೂಲು ಹುಡುಗ. ಅವನ ಹತ್ತಿರ ಖಾಲಿ ನೀರಿನ ಬಾಟಲಿಗೆ ಸುತ್ತಿದ ತಂಗೂಸಿ, ತುದಿಗೆ ಸೀಸದ ಗುಂಡು, ಗಾಳ, ಅಷ್ಟೇ. ಅವನ ಚೀಲದಲ್ಲಿ ಕಾಣೆ ಮೀನುಗಳಿದ್ದವು, ನನ್ನ ಚೀಲದಲ್ಲಿ ಚಕ್ಕುಲಿ. ಹಿಂದೆ ಮೂವರು ಹಿರಿಯರು ಆಗಲೇ ಜಮಾಯಿಸಿದ್ದರು. "ಈಗ ಇಳಿತ ಮಾರಾಯ್ರೆ, ಭರತಕ್ಕೆ ಬರ್ಬೇಕ್" ಅಂತ ಒಬ್ಬರು. "ರಾಡ್ ಎಷ್ಟು ಕೊಟ್ರಿ?" ಅಂತ ಇನ್ನೊಬ್ಬರು. ಎಷ್ಟು ಅಂತ ಹೇಳಿದೆ. ಮೂವರೂ ಹುಡುಗನ ಬಾಟಲಿ ನೋಡಿದರು.

ಹುಡುಗ ನನ್ನಿಂದ ಎರಡು ಸಿಗಡಿ ಇಸಕೊಂಡು ತನ್ನ ಗಾಳಕ್ಕೆ ಚುಚ್ಚಿ ಎಸೆದ. "ಒಂಚೂರು ಹಿಡ್ಕಣಿ" ಅಂತ ಬಾಟಲಿ ನನ್ನ ಕೈಗೆ ಕೊಟ್ಟು ನೀರು ಕುಡಿಯೋಕೆ ಹೋದ. ಅವನು ಹೋಗಿದ್ದೇ ತಡ, ದಾರ ಬೆರಳನ್ನ ಕುಯ್ಯೋ ಹಾಗೆ ಸರ್ರನೆ ಓಡಿತು. ಮೂವರೂ ಒಟ್ಟಿಗೆ ಕೂಗಿದರು, ಒಬ್ಬರು ಬಿಡಿ ಅಂತ, ಒಬ್ಬರು ಎಳೀರಿ ಅಂತ, ಮೂರನೆಯವರು ನನ್ನ ಸೊಂಟವನ್ನೇ ಹಿಡಿದುಕೊಂಡರು. ಎಳೆದಾಡಿ ಕೊನೆಗೆ ಮರಳಿಗೆ ತಂದರೆ ಕೆಂಪಗೆ ಹೊಳೆಯುವ ಕೆಂಬೇರಿ, ನಾನು ಅಷ್ಟು ದೊಡ್ಡದನ್ನ ಅಂಗಡಿಯಲ್ಲೂ ಕೊಂಡಿಲ್ಲ.

ಈಗ ಮೀನು ಯಾರದ್ದು? ಸಿಗಡಿ ನನ್ನದು, ಕೈ ನನ್ನದು. ದಾರ ಹುಡುಗನದ್ದು, ಗಾಳ ಹುಡುಗನದ್ದು, ಎಸೆದವನೂ ಅವನೇ. ಹಿರಿಯರು ಅಲ್ಲೇ ಕೂತು ಪಂಚಾಯ್ತಿ ಮಾಡಿದರು. ಸೊಂಟ ಹಿಡಿದವರು ತಮಗೂ ಒಂದು ಪಾಲಿದೆ ಅನ್ನೋ ಥರ ಮಾತಾಡಿದರು. ಕೊನೆಗೆ ತೀರ್ಪು ಬಂತು. ಮೀನು ಹುಡುಗನಿಗೆ, ಫೋಟೊ ನನಗೆ. ಸೊಂಟ ಹಿಡಿದವರೇ ನನ್ನ ಫೋನ್ ತಗೊಂಡು, ಬಿಸಿಲು ಎದುರಿಗೆ ಬರುತ್ತೆ, ಈ ಕಡೆ ತಿರುಗಿ, ಮೀನು ಮೇಲೆತ್ತಿ, ಗಲ್ಲ ಕೆಳಗೆ ಅಂತ ಸಾವಕಾಶವಾಗಿ ತೆಗೆದರು. ಫೋಟೊದಲ್ಲಿ ನನ್ನ ಟೋಪಿ, ಕನ್ನಡಕ, ಹಲ್ಲು ಎಲ್ಲ ಚೆನ್ನಾಗಿ ಬಂದಿವೆ. ಮೀನಿದ್ದ ಜಾಗದಲ್ಲಿ ಅವರ ಹೆಬ್ಬೆರಳಿದೆ.